ನೋಡುವುದು, ನೋಡಿಕೊಳ್ಳುವುದು

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ತರಗತಿಗಳಿಗೆ ಕ್ಯಾಮೆರಾ ಮತ್ತು ವಿಡಿಯೊ ತೆರೆಗಳನ್ನು ಒದಗಿಸಲು ಹಿರಿಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ನೂರು ವರ್ಷದ ಕಟ್ಟಡದೊಳಗೆ ಹೊಸ ಉಪಕರಣವನ್ನು ಹೇಗೆ ಕೂಡಿಸಬೇಕು? ಈ ಪ್ರಶ್ನೆಗೆ ಉತ್ತರವಾಗಿ ಒಂದು ಹಳೆಯ ಬಾಂಬರ್ ವಿಮಾನದ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಅದು ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್. 1944ರಲ್ಲಿ ಅಮೆರಿಕದಲ್ಲಿ ತಯಾರಾಗಿ ಬ್ರಿಟನ್ನಿನ ವಾಯುಪಡೆಯನ್ನು ಸೇರಿತು. ಯುದ್ಧ ಮುಗಿದಾಗ ಇಂತಹ ಹಲವು ವಿಮಾನಗಳನ್ನು ಮತ್ತೆ ಹಾರದಂತೆ ಜಖಂಗೊಳಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಬಾಂಬರ್‌ಗಳು ಬೇಕಾದಾಗ, 1948ರಲ್ಲಿ, ನಮ್ಮ ನೆರೆಯ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವುಗಳನ್ನು ಸರಿಪಡಿಸುವ ಹೊಣೆ ಹೊತ್ತರು. ಗುಜರಿಯೆಂದು ತೊರೆದವುಗಳಲ್ಲಿ ಸುಮಾರು 40 ವಿಮಾನಗಳು ಮರಳಿ ಆಕಾಶಕ್ಕೇರಿದವು. 1968ರವರೆಗೂ ಲಿಬರೇಟರ್‌ಗಳು ನಮ್ಮ ವಾಯುಪಡೆಯಲ್ಲಿ ದುಡಿದವು. ಅವುಗಳಲ್ಲೊಂದನ್ನು 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದವರು ಕೊಂಡರು. ಪ್ರದರ್ಶನಕ್ಕಿಡುವುದು ಅವರ ಮೊದಲ ಎಣಿಕೆ. ಅಂತಹ ವಿಮಾನಗಳಲ್ಲಿ ಹಾರಿದ್ದ ಹಿರಿಯ ಯೋಧರು ಅದು ಹಾರಲೇಬೇಕೆಂದು ಒತ್ತಾಯಿಸಿದರು. 1989ರಲ್ಲಿ ಅದು ಹಾರಿತು. ಮುಂದೆ ಪ್ರಯಾಣಿಕರನ್ನೂ ಹೊತ್ತಿತು.

ಇಂತಹ ವಿಮಾನದಲ್ಲಿ ಪ್ರಯಾಣಿಕರಿಗೆ ಕಾಣುವುದು ಸ್ವಲ್ಪವೇ. ಏರುವಾಗಲೂ ಇಳಿಯುವಾಗಲೂ ಪಟ್ಟಿ ಬಿಗಿದು ಕುಳಿತಿರಬೇಕು. ಬಾಂಬುಗಳ ಕೋಣೆಯ ನಡುವಿನ ಕಾಲುಹಾದಿ ಒಂದು ಗೇಣಿನಷ್ಟೇ ಅಗಲ. ಮೂತಿಯ ಗಾಜಿನ ಗೂಡಿಗೆ ಮುದುಕರು ತೆವಳಿ ಹೋಗಲಾರರು. ಮೂತಿ, ಹೊಟ್ಟೆ, ಬಾಲಗಳಲ್ಲಿ ಪುಟ್ಟ ಕ್ಯಾಮೆರಾಗಳನ್ನಿಟ್ಟು ಒಳಗೊಂದು ತೆರೆಗೆ ಜೋಡಿಸಿದರೆ, ಕುಳಿತವರೆಲ್ಲರಿಗೂ ಆ ನೋಟ ದಕ್ಕುತ್ತದೆ.

ಆದರೆ ಅಳವಡಿಸುವ ಕೆಲಸಕ್ಕೆ ಶಿಸ್ತು ಬೇಕು. ಹಳೆಯ ಲೋಹದ ಹೊದಿಕೆಗೆ ಹೊಸ ತೂತು ಕೊರೆಯದೆ, ಇರುವ ಚೌಕಟ್ಟಿಗೇ ಹಿಡಿಕೆ ಬಿಗಿಯಬೇಕು. ಎಂಜಿನ್‌ಗಳ ಕಂಪನದಿಂದ ಚಿತ್ರ ಕದಡುತ್ತದೆ, ತಿರುಪು ಸಡಿಲವಾಗುತ್ತದೆ. ಅದಕ್ಕೆ ತಡೆ ಒದಗಿಸಬೇಕು. ವಿದ್ಯುತ್ತಿಗೆ ಪ್ರತ್ಯೇಕ ಫ್ಯೂಸ್ ಇರಬೇಕು. ಕ್ಯಾಮೆರಾ ಕೆಟ್ಟರೂ ವಿಮಾನ ಕೆಡಬಾರದು. ದಿಕ್ಸೂಚಿಯಿಂದ ತಂತಿ ದೂರವಿರಬೇಕು. ಸೇರಿಸಿದ ಪ್ರತಿ ತೂಕವನ್ನೂ ಲೆಕ್ಕಕ್ಕೆ ಬರೆಯಬೇಕು.

ಇಷ್ಟಾದರೂ ಕ್ಯಾಮೆರಾ ಮೋಡವನ್ನು ತೋರಿಸುತ್ತದೆಯೇ ಹೊರತು ಸವೆದ ಎಂಜಿನ್ನನ್ನು ತೋರಿಸುವುದಿಲ್ಲ. 2019ರ ಅಕ್ಟೋಬರ್ 2ರಂದು ಅದೇ ಪ್ರತಿಷ್ಠಾನದ ಇನ್ನೊಂದು ಹಳೆಯ ಬಾಂಬರ್, ಬಿ-17, ಪ್ರಯಾಣಿಕರೊಂದಿಗೆ ಕನೆಕ್ಟಿಕಟ್ಟಿನ ವಿಮಾನ ನಿಲ್ದಾಣದಲ್ಲಿ ನೆಲಕ್ಕಪ್ಪಳಿಸಿತು. ಏಳು ಮಂದಿ ಅಸುನೀಗಿದರು. ಎಂಜಿನ್ ಸೊರಗಿದ ಮೇಲೆ ವಿಮಾನವನ್ನು ನಡೆಸಿದ ರೀತಿಯನ್ನು ತನಿಖೆ ಮುಖ್ಯ ಕಾರಣವೆಂದಿತು. ನಿರ್ವಹಣೆ ಸಾಲದಿದ್ದುದನ್ನೂ ಎತ್ತಿ ಹೇಳಿತು. 2020ರಲ್ಲಿ ಪ್ರಯಾಣಿಕರನ್ನು ಒಯ್ಯುವ ಅನುಮತಿ ರದ್ದಾಯಿತು. ಹಳೆಯದರ ಮೇಲಿನ ಪ್ರೀತಿಯೊಂದೇ ಅದನ್ನು ಎತ್ತಿ ಹಿಡಿಯಲಾರದು.

ಕನ್ನಡದಲ್ಲಿ ‘ನೋಡುವುದು’ ಬೇರೆ, ‘ನೋಡಿಕೊಳ್ಳುವುದು’ ಬೇರೆ. ಮೊದಲನೆಯದಕ್ಕೆ ಕಣ್ಣು ಸಾಕು; ಎರಡನೆಯದಕ್ಕೆ ಕೈ ಬೇಕು, ಕಾಲ ಬೇಕು, ಬೇಸರವಿಲ್ಲದ ಮನಸ್ಸು ಬೇಕು.

ನಮ್ಮ ಶಾಲೆ ಸೇಲಂ ಜಿಲ್ಲೆಯಲ್ಲಿ ಹುಟ್ಟಿತು. 1965ರಲ್ಲಿ, ನಿಂತಲ್ಲೇ ನಿಂತು, ಧರ್ಮಪುರಿ ಜಿಲ್ಲೆಗೆ ಸೇರಿತು. ಸುತ್ತಲೂ ತಮಿಳು, ಒಳಗೆ ಕನ್ನಡದ ಪಾಠ. ನಮ್ಮ ಮಕ್ಕಳು ಎರಡನ್ನೂ ಕಲಿಯುತ್ತಾರೆ, ಕಲಿಯಬೇಕು. ತೆರೆಗಳು ಬರಲಿ; ಹಂಪಿಯನ್ನೂ ಜೋಗವನ್ನೂ ಕಾಣದ ಮಗು ಅವುಗಳನ್ನು ಕಾಣಲಿ. ಆದರೆ ಅದಕ್ಕೆ ಮುನ್ನ ಹೆಂಚು, ತೊಲೆ, ವಿದ್ಯುತ್ ತಂತಿಗಳ ತಪಾಸಣೆಯಾಗಲಿ. ಉಪಕರಣದ ಬೆಲೆಯೊಡನೆ ಅದರ ದುರಸ್ತಿಗೂ ಶಿಕ್ಷಕರ ತರಬೇತಿಗೂ ಹಣ ತೆಗೆದಿಡೋಣ.

ಪೋಷಕರಲ್ಲಿ ಮತ್ತೊಂದು ಅರಿಕೆ. ಶಾಲೆಯನ್ನು ಅಭಿಮಾನದಿಂದ ನೋಡಲು ಬರುವವರು ಬಹಳ. ಮಕ್ಕಳನ್ನು ಇಲ್ಲಿ ಸೇರಿಸುವವರು ಕಡಿಮೆ. ಹತ್ತುವ ಮಕ್ಕಳಿದ್ದರೆ ಮಾತ್ರ ಈ ವಿಮಾನ ಹಾರೀತು. ಇಲ್ಲವಾದರೆ ಅದು ವಸ್ತುಸಂಗ್ರಹಾಲಯದ ಪಾಲು. ಮುಂಬರುವ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ತಾವು ತುಂಬಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.