ಹೊಲಿದವಳದೇ ಕೌದಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತು)



ನನ್ನ ಮದುವೆ ಮಾತುಕತೆಯ ದಿನ ಗಂಡಿನ ಕಡೆಯವರು ಪಟ್ಟಿ ಬರೆಸಿದರು: ಚೈನು, ಉಂಗುರ, ವಾಚು, ಸ್ಕೂಟರು. ಅವ್ವ ಹಳೆ ಸೀರೆ ಜೋಡಿಸಿ ಹೊಲಿದ ಕೌದಿ ಅದರಲ್ಲಿ ಇರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅವಳೇ ಪ್ರೀತಿಯಿಂದ ಕೊಟ್ಟಳು. ಮುಂದೆ ಹೊಡೆತ ತಾಳಲಾರದೆ ಆ ಮನೆ ಬಿಟ್ಟಾಗ ನನ್ನ ಜೊತೆ ಬಂದದ್ದು ಆ ಕೌದಿಯೊಂದೇ. ಮಿಕ್ಕಿದ್ದೆಲ್ಲ ಅಲ್ಲೇ ಉಳಿಯಿತು. ಅದಕ್ಕೇ ಇವತ್ತು ಕೌದಿ ಹೊಲಿಯುವುದರ ಜೊತೆಗೆ ಲೆಕ್ಕ ಬರೆಯುವುದನ್ನೂ ಹೇಳುತ್ತೇನೆ.

ಅವ್ವ ಹೊಲಿದದ್ದು ಪದರದ ಮೇಲೆ ಪದರ ಇಟ್ಟು ಸಣ್ಣ ಹೊಲಿಗೆ ಹಾಕಿದ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನ ತನಕ ಕೈಯಲ್ಲೇ ಹೊಲಿಯುತ್ತಾರೆ. ನಾವು ಕಲಿಯುವುದು ಉಬ್ಬುಕೌದಿ. ಇದರಲ್ಲಿ ಒಂದೊಂದು ಚೌಕವೂ ಒಂದು ಪುಟ್ಟ ದಿಂಬು.

ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ. ಬಣ್ಣ ಬಿಡುವುದು, ಕುಗ್ಗುವುದು ಆಗಲೇ ಆಗಿಹೋಗಲಿ. ಅಡಿಯ ಚೌಕ 4 ಇಂಚು, ಮೇಲಿನದು 5 ಇಂಚು. ನಾಲ್ಕು ಮೂಲೆ ಕೂಡಿಸಿ ಗುಂಡುಪಿನ್ನು ಚುಚ್ಚಿ. ಪ್ರತಿ ಬದಿಯಲ್ಲೂ ಮೇಲಿನ ಬಟ್ಟೆ ಒಂದು ಇಂಚು ಹೆಚ್ಚಿರುತ್ತದೆ. ಅದನ್ನು ನಡುವೆ ಒಂದು ನೆರಿಗೆಯಾಗಿ ಮಡಿಸಿ. ಮೂರು ಬದಿ ಅಂಚಿನಲ್ಲೇ ಹೊಲಿದು, ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿಯನ್ನು ಸ್ವಲ್ಪ ತುಂಬಿ, ನಾಲ್ಕನೆಯ ಬದಿ ಮುಚ್ಚಿ. ಬಿಗಿಯಾಗಿ ತುಂಬಿದರೆ ಜೋಡಿಸುವಾಗ ಮಿಷನ್ನಿಗೆ ಸಿಕ್ಕುವುದಿಲ್ಲ.

ಅರ್ಧ ಇಂಚು ಒಳಕ್ಕೆ ಬಿಟ್ಟು ಚೌಕಗಳನ್ನು ಜೋಡಿಸಿದರೆ ಒಂದೊಂದೂ 3 ಇಂಚು ಉಳಿಯುತ್ತದೆ. ಸಾಲಿಗೆ 12ರಂತೆ 16 ಸಾಲು, ಒಟ್ಟು 192 ಚೌಕ. ಮೂರಡಿಗೆ ನಾಲ್ಕಡಿ ಕೌದಿ. ಹಿಂಬದಿಗೆ ಮೆತ್ತನೆಯ ನೂಲಿನ ಬಟ್ಟೆ ಕೊಟ್ಟು, ಚೌಕಗಳು ಕೂಡುವ ಮೂಲೆಗಳಲ್ಲಿ ಅಲ್ಲಲ್ಲಿ ದಪ್ಪ ದಾರದ ಗಂಟು ಹಾಕಿ. ವರ್ಷ ತುಂಬದ ಕೂಸು ಮಲಗಿದಾಗ ಇದನ್ನು ಹೊದಿಸಬಾರದು, ಮುಖಕ್ಕೆ ಬಂದರೆ ಉಸಿರು ಕಟ್ಟೀತು. ಕೊಳ್ಳುವವರಿಗೂ ಈ ಮಾತು ಹೇಳಿ. 192 ಚೌಕ ಒಬ್ಬಳಿಗೆ ಹೊರೆ. ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಹದಿನಾರೇ.

ಇನ್ನು ಮಾರಿದ ದುಡ್ಡು. ಅದು ಯಾರದು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಣ್ಣು ತನ್ನ ಕೈಕಸುಬಿನಿಂದ, ದುಡಿಮೆಯಿಂದ ಗಳಿಸಿದ್ದಕ್ಕೆ ಅವಳೇ ಪೂರ್ಣ ಒಡತಿ. ಹಣ, ಸ್ತ್ರೀಧನ ಕಿತ್ತುಕೊಂಡು ಅವಳನ್ನು ಬರಿಗೈ ಮಾಡುವುದೂ ದೌರ್ಜನ್ಯವೇ ಎಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೇಳುತ್ತದೆ. ಇದು ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಬಹುದು. ಸಹಾಯವಾಣಿ 181.

ಆದರೆ ಕಾನೂನಿನ ಮುಂದೆ ನಿಂತಾಗ ಬರಹ ಬೇಕು. ಎಷ್ಟು ಬಟ್ಟೆ, ಎಷ್ಟು ಹತ್ತಿ, ಎಷ್ಟು ದಿನದ ಕೆಲಸ, ಎಷ್ಟಕ್ಕೆ ಹೋಯಿತು, ನನ್ನ ಪಾಲೆಷ್ಟು ಎಂದು ಬರೆದು ಸಹಿ ಹಾಕಿ. ಆ ಪುಸ್ತಕ ಸಂಘದಲ್ಲಿರಲಿ, ದುಡ್ಡು ನಿಮ್ಮ ಹೆಸರಿನ ಖಾತೆಯಲ್ಲಿರಲಿ.

ಮಗಳ ಮದುವೆಯಲ್ಲೂ ಹೀಗೇ. ವರದಕ್ಷಿಣೆ ಕೇಳುವುದೂ ಕೊಡುವುದೂ 1961ರ ಕಾಯ್ದೆಯಂತೆ ಅಪರಾಧ. ಕೇಳದೆ, ಪ್ರೀತಿಯಿಂದ ಕೊಟ್ಟ ಉಡುಗೊರೆಗೆ 1985ರ ನಿಯಮದಂತೆ ಪಟ್ಟಿ ಇರಬೇಕು: ಏನು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು. ವಧೂವರರಿಬ್ಬರೂ ಸಹಿ ಹಾಕಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಅವಳ ಕೈಯಲ್ಲೇ ಇರಬೇಕು. ನನ್ನ ಮದುವೆಯಲ್ಲಿ ಪಟ್ಟಿ ಬರೆಸಿದವರು ಅವರು. ನಿಮ್ಮ ಮಗಳ ಪಟ್ಟಿಯನ್ನು ಅವಳೇ ಬರೆಯಲಿ, ಕೌದಿಯನ್ನೂ ಸೇರಿಸಲಿ.

ಮುಂದಿನ ಸಭೆಗೆ ಒಗೆದ ಬಟ್ಟೆ ತನ್ನಿ, ಒಂದು ನೋಟ್‌ಬುಕ್ಕೂ ತನ್ನಿ.