ಓಡಿಸುವುದೂ ಅಳಿಸುವುದೂ



ಪಾರ್ಸಿಪನಿ, ಹ್ಯಾಕೆನ್‌ಸ್ಯಾಕ್, ಮ್ಯಾನ್‌ಹ್ಯಾಟನ್ – ದಿನವೂ ನಮ್ಮ ಬಾಯಲ್ಲಿರುವ ಈ ಹೆಸರುಗಳು ಲೆನಾಪೆ ಜನರ ಭಾಷೆಯವು. ನಾವು ಇಷ್ಟಪಟ್ಟು ಇಲ್ಲಿಗೆ ಬಂದವರು; ಅವರಲ್ಲಿ ಬಹುಪಾಲು ಮಂದಿಯನ್ನು ಇಲ್ಲಿಂದ ಹಂತಹಂತವಾಗಿ ಪಶ್ಚಿಮಕ್ಕೆ ಅಟ್ಟಲಾಯಿತು. ಬಲದಿಂದಲೋ ಬೆದರಿಕೆಯಿಂದಲೋ ಒಂದು ಜನಾಂಗವನ್ನು ಅದರ ನೆಲದಿಂದ ಹೊರಹಾಕುವುದಕ್ಕೆ ‘ಜನಾಂಗೀಯ ಶುದ್ಧೀಕರಣ’ ಎನ್ನುತ್ತಾರೆ. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಈ ಮಾತು ಜಗತ್ತಿಗೆಲ್ಲ ಪರಿಚಯವಾಯಿತು. (ಗಾಯ ಶುದ್ಧಿಮಾಡುವ ವೈದ್ಯರಾದ ನಮಗೆ ಆ ಪದವೇ ಹಿಡಿಸದು.)

‘ಜನಾಂಗಹತ್ಯೆ’ ಬೇರೆ. ರಫಾಯೆಲ್ ಲೆಮ್ಕಿನ್ 1944ರಲ್ಲಿ ಬಳಕೆಗೆ ತಂದ ಪದವದು. ವಿಶ್ವಸಂಸ್ಥೆಯ 1948ರ ಒಪ್ಪಂದದಂತೆ, ಜನಾಂಗವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶವೇ ಅಲ್ಲಿ ಮುಖ್ಯ.

ಆದರೆ ನಡುವಿನ ಗೆರೆ ತೆಳು. 1782ರಲ್ಲಿ ಒಹಾಯೊದ ನಾಡೆನ್‌ಹಟನ್‌ನಲ್ಲಿ 96 ಮಂದಿ ಲೆನಾಪೆ ಕ್ರೈಸ್ತರನ್ನು, ಮಕ್ಕಳನ್ನೂ ಬಿಡದೆ, ಪೆನ್ಸಿಲ್ವೇನಿಯಾದ ಸೈನಿಕರು ಕೊಂದರು. ಇದನ್ನು ಬರಿಯ ಸ್ಥಳಾಂತರದ ಕತೆಯೆಂದು ಮಕ್ಕಳಿಗೆ ಹೇಳಲು ನಾವಂತೂ ಒಪ್ಪೆವು.