ತೋಟಾ ಸಿಗದ ಬಂದೂಕು ಸತ್ತಿದೆಯಾ?

ಇವತ್ತು ರಾಜಕೀಯ ಬೇಡ. ಮಲೆನಾಡಿನ ಒಬ್ಬ ಹುಡುಗ ನನಗೊಂದು ಮೆಸೇಜ್ ಕಳಿಸಿದ್ದಾನೆ, ಅದರ ಬಗ್ಗೆ ಮಾತಾಡೋಣ. ಅವನ ತಾತ ತೀರಿಕೊಂಡು ವರ್ಷವಾಗಿದೆ. ಅಟ್ಟ ಸ್ವಚ್ಛ ಮಾಡುವಾಗ ಒಂದು ಹಳೇ ಬಂದೂಕು ಸಿಕ್ಕಿದೆ. ಫೋಟೋ ಕಳಿಸಿ ಕೇಳ್ತಾನೆ, 'ಸಾರ್, ಇದರ ತೋಟಾ ಎಲ್ಲೂ ಸಿಗಲ್ಲ ಅಂತಾರೆ. ಅಮೆರಿಕದವರು ಇಂಥ ಬಂದೂಕಿಗೆ ಮನೆಯಲ್ಲೇ ತೋಟಾ ಮಾಡೋ ವಿಡಿಯೋ ನೋಡಿದೆ. ನಾನೂ ಡಿಪ್ಲೊಮಾ ಮೆಕ್ಯಾನಿಕಲ್. ಒಂದೇ ಒಂದು ಸಲ ಹಾರಿಸಿ ನೋಡಬೇಕು ಅಂತ ಆಸೆ.'

ಈ ಹುಡುಗನಿಗೆ ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ನಾನೂ ಮೆಕ್ಯಾನಿಕಲ್ ಓದಿದವನೇ. ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ಹಿತ್ತಾಳೆ ಕಡೆಯುವಾಗ ಬರುವ ಖುಷಿ ನನಗೆ ಗೊತ್ತು. ಕೈಯಲ್ಲಿ ಕೆಲಸ ಇದ್ದವನಿಗೆ ಕೆಟ್ಟು ನಿಂತ ಯಂತ್ರ ಕಂಡರೆ ಸುಮ್ಮನಿರೋಕೆ ಆಗಲ್ಲ. ಆದರೆ ಇದು ನಿಂತುಹೋದ ಗಡಿಯಾರ ಅಲ್ಲವಲ್ಲ.

ವಿಡಿಯೋದಲ್ಲಿದ್ದದ್ದು ರಿಮ್‌ಫೈರ್ ಬಂದೂಕು. ಹಾಗಂದರೇನು? ತೋಟಾ ಅನ್ನೋದು ಒಂದು ಹಿತ್ತಾಳೆಯ ಅಥವಾ ತಾಮ್ರದ ಪುಟ್ಟ ಡಬ್ಬಿ. ತಲೆಯಲ್ಲಿ ಗುಂಡು, ಹೊಟ್ಟೆಯಲ್ಲಿ ಮದ್ದು, ಬುಡದಲ್ಲಿ ಪೆಟ್ಟು ಬಿದ್ದರೆ ಕಿಡಿಯಾಗುವ ಪ್ರೈಮರ್. ಇವತ್ತಿನ ಪೊಲೀಸರ ತೋಟಾ ಸೆಂಟರ್‌ಫೈರ್. ಅದರಲ್ಲಿ ಪ್ರೈಮರ್ ಬುಡದ ನಡುವೆ ಬೇರೆಯೇ ಬಟ್ಟಲಾಗಿ ಕೂತಿರುತ್ತೆ. ರಿಮ್‌ಫೈರ್‌ನಲ್ಲಿ ಆ ಬಟ್ಟಲೇ ಇಲ್ಲ. ಬುಡದ ಅಂಚಿನ ಮಡಿಕೆಯೊಳಗೇ ಆ ರಾಸಾಯನಿಕ ತುಂಬಿರುತ್ತೆ. ಬಂದೂಕಿನ ಪಿನ್ನು ಅಂಚನ್ನೇ ಜಜ್ಜುತ್ತೆ. ಅಲ್ಲಿಗೆ ಆ ಡಬ್ಬಿಯ ಕಥೆ ಮುಗೀತು.

1845ರ ಹೊತ್ತಿಗೆ ಪ್ಯಾರಿಸ್‌ನ ಫ್ಲೋಬೆರ್ ಇದಕ್ಕೆ ದಾರಿ ಮಾಡಿಕೊಟ್ಟ. ಅದು ಸಾಹೇಬರು ಮನೆಯೊಳಗೇ ಗುರಿ ಹೊಡೆದು ಆಡುವ ಆಟಿಕೆಯಂಥದ್ದು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಅದನ್ನೇ ಬೆಳೆಸಿ .22 ಶಾರ್ಟ್ ಅನ್ನೋ ತೋಟಾ ತಂತು. ಅದೇ ವರ್ಷ ನಮ್ಮಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯುವ ಕಾಗದದ ತೋಟಾಕ್ಕೆ ಮೀರತ್‌ನಲ್ಲಿ ಬೆಂಕಿ ಹತ್ತಿತು. ಅಲ್ಲಿ ಲೋಹದ ತೋಟಾ, ಇಲ್ಲಿ ಇನ್ನೂ ಕಾಗದದ್ದು! ಆಮೇಲೆ 1860ರಲ್ಲಿ ಪೇಟೆಂಟ್ ಆದ ಹೆನ್ರಿ ರೈಫಲ್ ಬಂತು. ಹದಿನಾರು ಗುಂಡು ಒಂದರ ಹಿಂದೊಂದು. ಸ್ಪೆನ್ಸರ್ ರೈಫಲ್‌ನದ್ದು ಏಳು. 1863ರ ಆಗಸ್ಟಿನಲ್ಲಿ ಅಬ್ರಹಾಂ ಲಿಂಕನ್ ತಾವೇ ಸ್ಪೆನ್ಸರ್ ಹಿಡಿದು ಹಾರಿಸಿ ನೋಡಿದ್ದರು. ಸ್ವಿಟ್ಜರ್ಲೆಂಡ್ ಸೇನೆಯ ವೆಟರ್ಲಿ ರೈಫಲ್ ಕೂಡ ರಿಮ್‌ಫೈರೇ.

ಮತ್ತೆ ಯಾಕೆ ಸತ್ತಿತು? ಎಂಜಿನಿಯರಿಂಗ್ ಕಾರಣ ಸರಳ. ಪಿನ್ನು ಜಜ್ಜಬೇಕು ಅಂದರೆ ಬುಡ ತೆಳ್ಳಗೆ, ಮೆತ್ತಗೆ ಇರಬೇಕು. ಮದ್ದು ಜಾಸ್ತಿ ಹಾಕಿ ಒತ್ತಡ ಏರಿಸಿದರೆ ಅದೇ ಬುಡ ಒಡೆಯುತ್ತೆ. ದಪ್ಪ ಬುಡದ ಸೆಂಟರ್‌ಫೈರ್ ಬಂದಮೇಲೆ ದೊಡ್ಡ ರಿಮ್‌ಫೈರ್‌ಗಳು ಒಂದೊಂದಾಗಿ ಕಾರ್ಖಾನೆಯಿಂದ ಮಾಯವಾದವು. ಪುಟ್ಟ .22 ಮಾತ್ರ ಗಟ್ಟಿಯಾಗಿ ಉಳೀತು. ಇವತ್ತಿಗೂ ಹೊಸಬರು ಶೂಟಿಂಗ್ ಕಲಿಯೋದು ಅದರಲ್ಲೇ.

ಹೀಗೆ ಬಂದೂಕು ಉಳಿದು ತೋಟಾ ಹೋದಾಗ ಕೆಲವರು ಮನೆಯ ಲೇತ್‌ನಲ್ಲಿ ಕೂತು ತಾವೇ ಮಾಡಿಕೊಳ್ತಾರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಮಾಡಿಕೊಂಡರೆ ಅಲ್ಲಿನ ಕೇಂದ್ರ ಕಾನೂನಿನ ಲೈಸೆನ್ಸ್ ಬೇಕಿಲ್ಲ, ಮಾರೋದಕ್ಕೆ ಬೇಕು. ಹೇಗೆ ಮಾಡ್ತಾರೆ ಅಂತ ನಾನು ಹೇಳೋದಿಲ್ಲ, ಕೇಳಬೇಡಿ. ಆ ಅಂಚಿನೊಳಗಿನ ರಾಸಾಯನಿಕದ ಸ್ವಭಾವ ಮಾತ್ರ ಹೇಳ್ತೀನಿ. ಹಳೇ ಕಾಲದಲ್ಲಿ ಅದು ಪಾದರಸದ ಫಲ್ಮಿನೇಟ್. 1800ರಲ್ಲಿ ಅದರ ಬಗ್ಗೆ ಲೋಕಕ್ಕೆ ತಿಳಿಸಿದ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೋವರ್ಡ್ ಅದೇ ಪ್ರಯೋಗಗಳಲ್ಲಿ ಗಾಯಗೊಂಡ. ಪೆಟ್ಟು, ಉಜ್ಜು, ಬಿಸಿ, ಯಾವುದಕ್ಕೆ ಬೇಕಾದರೂ ಸಿಡಿಯುವ ವಸ್ತು ಅದು. ಯೂಟ್ಯೂಬ್‌ನಲ್ಲಿ ನಮಗೆ ಕಾಣೋದು ಹತ್ತೂ ಬೆರಳು ಸರಿಯಾಗಿರುವವರ ವಿಡಿಯೋ ಮಾತ್ರ ಸ್ವಾಮಿ. ಬೆರಳು ಕಳೆದುಕೊಂಡವನು ಅಪ್‌ಲೋಡ್ ಮಾಡಲ್ಲ.

ಇನ್ನೊಂದು ವಿಷಯ. ಬ್ರಿಟನ್ನಿನ ಕಾನೂನು ಬಹಳ ಕಾಲ ಒಂದು ನಂಬಿಕೆಯ ಮೇಲೆ ನಿಂತಿತ್ತು. ಬಂದೂಕು ತುಂಬಾ ಹಳೇದು, ಅದರ ತೋಟಾ ಈಗ ತಯಾರಾಗಲ್ಲ, ಹಾಗಾಗಿ ಅಪಾಯ ಇಲ್ಲ. ಶೋಕಿಗೆ, ಅಲಂಕಾರಕ್ಕೆ ಅಂತ ಸರ್ಟಿಫಿಕೇಟ್ ಇಲ್ಲದೆ ಇಟ್ಟುಕೋ ಪರವಾಗಿಲ್ಲ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಎಣ್ಣೆ ಇಲ್ಲದ ದೀಪಕ್ಕೆ ಹೆದರೋದು ಯಾಕೆ?

ಗ್ಲೌಸ್ಟರ್‌ಶೈರ್‌ನ ಒಬ್ಬ ಲೈಸೆನ್ಸ್ ಇದ್ದ ವ್ಯಾಪಾರಿ ಮನೆಯಲ್ಲೇ ಎಣ್ಣೆ ಮಾಡಿದ. ಹಳೇ ರಿವಾಲ್ವರ್‌ಗಳಿಗೆ ಹೊಂದುವ ತೋಟಾ ಕೈಯಾರೆ ತಯಾರಿಸಿದ. ಅವು ಮಧ್ಯವರ್ತಿಯ ಮೂಲಕ ಕ್ರಿಮಿನಲ್ ಗ್ಯಾಂಗುಗಳಿಗೆ ಹೋದವು. ಅವನು ಪೂರೈಸಿದ ಬಂದೂಕು ಮತ್ತು ತೋಟಾಗಳ ಸುಳಿವು ನೂರಕ್ಕೂ ಹೆಚ್ಚು ಅಪರಾಧ ಸ್ಥಳಗಳಿಗೆ ತಾಳೆಯಾಯಿತು. 2017ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕೋರ್ಟು 66 ವರ್ಷದ ಆ ಮನುಷ್ಯನಿಗೆ 30 ವರ್ಷ ಜೈಲು ವಿಧಿಸಿತು. ಕೈಕೆಲಸ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಒಂದು ದೇಶದ ಕಾನೂನಿನ ನಂಬಿಕೆಯನ್ನೇ ಕೆಡಿಸಿಬಿಟ್ಟ.

2021ರಲ್ಲಿ ಬ್ರಿಟನ್ ನಿಯಮ ಬಿಗಿ ಮಾಡಿತು. ಏಳು ಬಗೆಯ ತೋಟಾಗಳನ್ನು 'ಹಳತು, ನಿರುಪದ್ರವಿ' ಪಟ್ಟಿಯಿಂದ ಕಿತ್ತುಹಾಕಿತು. ಆ ಏಳೂ ಸೆಂಟರ್‌ಫೈರ್. ದೊಡ್ಡ ರಿಮ್‌ಫೈರ್‌ಗಳನ್ನು ಮುಟ್ಟಲಿಲ್ಲ. ಎಂಜಿನಿಯರ್ ಕಣ್ಣಿಗೆ ಇದರಲ್ಲಿ ಅರ್ಥ ಕಾಣುತ್ತೆ. ಬಳಸಿದ ಸೆಂಟರ್‌ಫೈರ್ ಡಬ್ಬಿಗೆ ಮರುಜೀವ ಕೊಡಬಹುದು, ಅಂಚು ಜಜ್ಜಿದ ರಿಮ್‌ಫೈರ್‌ಗೆ ಅದು ಸುಲಭ ಅಲ್ಲ. ಆದರೆ 'ಸುಲಭ ಅಲ್ಲ' ಅನ್ನೋ ಮಾತಿನ ಮೇಲೆ ಎಷ್ಟು ದಿನ ಕಾನೂನು ನಿಲ್ಲುತ್ತೆ ಅನ್ನೋದು ನನ್ನ ಅನುಮಾನ.

ತೋಟಾ ಸುಳಿವು ಬಿಟ್ಟುಕೊಡುತ್ತೆ ಅಂದೆನಲ್ಲ, ಅದಕ್ಕೊಂದು ಹಳೇ ಕಥೆ ಇದೆ. 1876ರ ಜೂನ್ 25, ಅಮೆರಿಕದ ಲಿಟಲ್ ಬಿಗ್‌ಹಾರ್ನ್. ಲಕೋಟಾ, ಶೆಯೆನ್ ಬುಡಕಟ್ಟುಗಳ ಯೋಧರು ಜಾರ್ಜ್ ಕಸ್ಟರ್‌ನನ್ನೂ ಅವನ ಜೊತೆಗಿದ್ದ ಸೈನಿಕರನ್ನೂ ನೆಲಸಮ ಮಾಡಿದರು. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ಮಣ್ಣು ತೆರೆದುಕೊಂಡಿತು. ಮರುವರ್ಷ ಪುರಾತತ್ವದವರು ಮೆಟಲ್ ಡಿಟೆಕ್ಟರ್ ಹಿಡಿದು ಇಳಿದರು. ಹೆನ್ರಿ ರಿಮ್‌ಫೈರ್ ತೋಟಾದ ಖಾಲಿ ಡಬ್ಬಿಗಳು ಸಿಕ್ಕವು. ಪ್ರತಿ ಬಂದೂಕಿನ ಪಿನ್ನು ಅಂಚಿನ ಮೇಲೆ ಬೇರೆ ಬೇರೆ ಗುರುತು ಮಾಡಿತ್ತು. ಆ ಗುರುತು ಹಿಡಿದು, ಯಾವ ಬಂದೂಕು ಎಲ್ಲಿ ಹಾರಿತು, ಆಮೇಲೆ ಎಲ್ಲಿಗೆ ಸರಿಯಿತು ಅಂತ ನೂರು ವರ್ಷ ಆದಮೇಲೆ ನಕ್ಷೆ ಬರೆದರು. ಯಾರ ಕೈಯಲ್ಲಿತ್ತೋ ಗೊತ್ತಿಲ್ಲ, ಆದರೆ ಬಂದೂಕು ನಡೆದ ದಾರಿ ಗೊತ್ತಾಯಿತು. ಬಳಸಿ ಬಿಸಾಡಿದ ಡಬ್ಬಿ ಸಾಕ್ಷಿ ಹೇಳಿತು ನೋಡಿ.

ಈಗ ನಮ್ಮ ಹುಡುಗನ ಪ್ರಶ್ನೆ. ಅಮೆರಿಕದ ಕಾನೂನು ಮೊದಲು ಕೇಳೋದು ಇಸವಿ: 1898 ಅಥವಾ ಅದಕ್ಕಿಂತ ಮುಂಚೆ ಮಾಡಿದ್ದಾ? ಬ್ರಿಟನ್ ತೋಟಾ ಯಾವುದು ಅಂತ ಕೇಳುತ್ತೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಶ್ನೆ ಬೇರೆ. ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸೋಕೇ ಆಗದ ಹಳೇ ಆಯುಧವಾದರೆ ಮಾತ್ರ 45ನೇ ಸೆಕ್ಷನ್ನಿನ ವಿನಾಯಿತಿ. 'ತಾತನ ಕಾಲದ್ದು ಸಾರ್' ಅನ್ನೋದು ಸಾಕಾಗಲ್ಲ. ನನಗೇನೋ ಈ ಮೂರರಲ್ಲಿ ನಮ್ಮ ಕಾನೂನಿನ ಪ್ರಶ್ನೆಯೇ ಸರಿ ಅನಿಸುತ್ತೆ.

ತೋಟಾ ಮಾಡುವ ಮಾತು ಇನ್ನೂ ಕಠಿಣ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಒಂದೇ ಒಂದು ಸಲ ಹಾರಿಸಿ ನೋಡಬೇಕು ಅನ್ನೋ ಆಸೆಗೆ ಏಳು ವರ್ಷ! ಕೊಡಗಿನ ಗೆಳೆಯರು ಈಗಲೇ ಫೋನ್ ಎತ್ತಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋದು ಬಂದೂಕು ಇಟ್ಟುಕೊಳ್ಳುವ ವಿನಾಯಿತಿ. ಕೈಲ್‌ಪೊಳ್ದ್ ದಿನ ತೋಕ್‌ಗೆ ಹೂ ಮುಡಿಸಿ ಪೂಜೆ ಮಾಡ್ತೀರಿ, ಚಂದ. ಅದು ತೋಟಾ ತಯಾರಿಸುವ ಪರವಾನಗಿ ಅಲ್ಲ.

ಆ ಹುಡುಗನಿಗೆ ನಾನು ಬರೆದದ್ದು ಇಷ್ಟು. ತಾತನ ಲೈಸೆನ್ಸ್ ಪುಸ್ತಕ ಹುಡುಕು. ಬಂದೂಕಿಗೆ ಏನನ್ನೂ ತುಂಬಬೇಡ, ಬಿಚ್ಚಬೇಡ. ಲೈಸೆನ್ಸ್ ಇದ್ದವರು ತೀರಿಕೊಂಡರೆ 21ನೇ ಸೆಕ್ಷನ್ ಪ್ರಕಾರ ಅದನ್ನು ಹತ್ತಿರದ ಠಾಣೆಗೆ ಒಪ್ಪಿಸಬೇಕು. ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗು, ರಸೀದಿ ಬರೆಸಿಕೋ. ಬೇಕಿದ್ದರೆ ಆಮೇಲೆ ನಿನ್ನ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕು.

ಎರಡು ವಾರ ಸುದ್ದಿ ಇರಲಿಲ್ಲ. ನಿನ್ನೆ ಸಂಜೆ ಬುಲೆಟಿನ್‌ಗೆ ಮೇಕಪ್ ಹಾಕಿಸಿಕೊಳ್ಳುವಾಗ ಒಂದು ಫೋಟೋ ಬಂತು. ಠಾಣೆಯ ರಸೀದಿ, ಪಕ್ಕದಲ್ಲಿ ಅಜ್ಜಿಯ ಕೈ. ಕೆಳಗೆ ಬರೆದಿದ್ದ: 'ಅಜ್ಜಿ ಬಂದೂಕನ್ನ ಒರೆಸಿ, ಕುಂಕುಮ ಇಟ್ಟು ಕಳಿಸಿದ್ರು ಸಾರ್. ಅವರು ಕೇಳ್ತಿದ್ದಾರೆ, ಠಾಣೆಯಲ್ಲಿ ತುಕ್ಕು ಹಿಡಿಯಲ್ಲ ತಾನೆ?'

ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ. ಆ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಈ ಕಾರ್ಯಕ್ರಮ ನೋಡ್ತಿದ್ದರೆ, ದಯವಿಟ್ಟು ಸ್ವಲ್ಪ ಎಣ್ಣೆ ಒರೆಸಿಡಿಸಿ.